ಗಡಿಗೆ ಸೆಟ್ಟು, ಶೋ ಸೆಟ್ಟು, ನಮ್ಮ ಪಂಪಿ

ನಮ್ಮ ಮನೆಯ ಪಡಸಾಲೆಯ ಎರಡು ಮೂಲೆಗಳಲ್ಲಿ ಎರಡು ಗಡಿಗೆಗಳಿವೆ. ಬಿಸಿಲಲ್ಲಿ ಬಂದವರು ನೇರ ಅವುಗಳ ಕಡೆಗೇ ಹೋಗುತ್ತಾರೆ. ಬಗ್ಗಿ ನೋಡಿದರೆ ನೀರಿಲ್ಲ. ಗಡಿಗೆಯ ಬಾಯಿಗೆ ಮುಚ್ಚಳ ಇಟ್ಟ ಹಾಗೆ ಒಂದು ಕರಿ ಸ್ಪೀಕರು ಅಂಗಾತ ಮಲಗಿ ಅವರನ್ನೇ ನೋಡುತ್ತಿರುತ್ತದೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನು ಮಬ್ಬಿನಲ್ಲಿ ಚೊಂಬು ಅದ್ದಲು ಹೋಗಿ ಸ್ಪೀಕರಿನ ಕಾಗದವನ್ನೇ ಹರಿದ. ಅದಕ್ಕೆ ಅಂಟಿಸಿದ ಪಟ್ಟಿ ಇನ್ನೂ ಇದೆ. ಹೊಸಪೇಟೆಯಲ್ಲಿ ನೀರು ಕೇಳಿದರೆ ಸಂಗೀತ ಕೊಡುವ ಮನೆ ಇದೊಂದೇ ಎಂದು ನನ್ನ ಗೆಳೆಯ ಖಾಜಾ ಹೇಳುತ್ತಾನೆ.

ಗಡಿಗೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನನಗೊಬ್ಬ ಮೊಮ್ಮಗಳಿದ್ದಾಳೆ. ಹೆಸರು ಪಂಪಾ. ನಾವು ಕರೆಯುವುದು ಪಂಪಿ. ಈಗ ಮೂರು ತುಂಬಿದೆ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆಗೆ ಕೊಡುವುದನ್ನು ದೇವರು ಮರೆತ. ಉಣ್ಣುವಾಗ ತನ್ನ ಬಾಯಿಗೊಂದು ತುತ್ತು ಹೋದರೆ ನನ್ನ ಬಾಯಿಗೊಂದು ಅಗುಳು ಬರಬೇಕು. ನಾನು ಈ ಮಾತು ತೆಗೆದರೆ ನಿಲ್ಲಿಸುವುದಿಲ್ಲ ಎಂದು ನಮ್ಮ ಓಣಿಯಲ್ಲಿ ಕಟ್ಟೆಯ ಮೇಲಿದ್ದವರು ನನ್ನನ್ನು ಕಂಡು ಮನೆಯೊಳಗೆ ಹೋಗುತ್ತಾರೆ. ನೀವಾದರೂ ಕುಳಿತುಕೊಳ್ಳಿ. ಇದು ಸಂತೋಷದ ಮಾತೇ. ಆದರೆ ಅದರ ನಡುವೆ ನನ್ನದೊಂದು ತಪ್ಪಿದೆ, ಅದನ್ನು ದಾಟದೆ ಸಂತೋಷದ ಹತ್ತಿರ ಹೋಗಲು ದಾರಿ ಇಲ್ಲ. ಪಂಪಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದಾಗ ನಾನು ಡಾಕ್ಟರನ್ನು ಕೇಳಲಿಲ್ಲ, ಹೆತ್ತವಳನ್ನು ಕೇಳಲಿಲ್ಲ. ಗಡಿಗೆಗಳನ್ನು ಕೇಳಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋಗುವ ಹೊತ್ತಿಗೆ ಅಪ್ಪನ ಬೆನ್ನು ಬಗ್ಗಿತ್ತು, ನನ್ನದು ನೆಟ್ಟಗಿತ್ತು, ಹಾಗಾಗಿ ದುಡಿಯಲು ಹೋದೆ. ಅಲ್ಲಿ ಇಲ್ಲಿ ಅಲೆದು ಕೊನೆಗೆ ನೆಲೆ ನಿಂತದ್ದು ಸಂಡೂರು ಕಡೆಯ ಒಂದು ಕ್ರಷರಿನಲ್ಲಿ. ಅದಿರಿನ ಕಲ್ಲು ಪುಡಿ ಮಾಡುವ ಯಂತ್ರ ಅದು. ಅದರ ಬಾಯಿಗೆ ಕಲ್ಲು ಸುರಿಯುವ ಜಾಗದಲ್ಲಿ ನನ್ನ ಅರ್ಧ ಆಯುಷ್ಯ ಕಳೆಯಿತು. ಅಲ್ಲಿ ಮಾತು ನಡೆಯುವುದಿಲ್ಲ, ಕೈ ನಡೆಯುತ್ತದೆ. ಮುಷ್ಟಿ ತಲೆಯ ಮೇಲಿಟ್ಟರೆ ನಿಲ್ಲಿಸು, ಹೆಬ್ಬೆರಳು ತುಟಿಗೆ ತಂದರೆ ನೀರು, ಎರಡು ಬೆರಳು ಕುಣಿಸಿದರೆ ಚಹಾ, ಮೂಗು ಹಿಡಿದುಕೊಂಡರೆ ಮೇಸ್ತ್ರಿ ಬಂದ. ಕೆಲಸ ಬಿಟ್ಟು ಬರುವಾಗ ಕೆಂಪು ಧೂಳನ್ನು ಅಂಗಿಯಲ್ಲಿ ತಂದೆ, ಕಿವಿಯ ಮುಕ್ಕಾಲು ಪಾಲು ಅಲ್ಲೇ ಬಿಟ್ಟೆ. ಈಗ ದಪ್ಪ ಸದ್ದು ಕೇಳಿಸುತ್ತದೆ, ಸಣ್ಣದು ಇಲ್ಲ. ಗುಬ್ಬಿ ಬಾಯಿ ತೆರೆಯುವುದು ಕಾಣುತ್ತದೆ, ಅಷ್ಟೆ. ತನಗೆ ಕೇಳಿಸದವನು ಲೋಕಕ್ಕೂ ಕೇಳಿಸದು ಎಂದುಕೊಳ್ಳುತ್ತಾನೆ. ನಾನು ಗುಟ್ಟು ಹೇಳಿದರೆ ಮೂರನೇ ಮನೆಯವರು ಅದಕ್ಕೆ ಉತ್ತರ ಕೊಡುತ್ತಾರೆ.

ಹೀಗೆ ಕಿವಿ ಕಡಿಮೆಯಾದವನಿಗೆ ಸೆಟ್ಟಿನ ಹುಚ್ಚು ಹೆಚ್ಚಾಯಿತು. ಖಾಜಾ ರೇಡಿಯೋ ರಿಪೇರಿಯವನು. ಹಳೇ ಮೈಕ್ ಸೆಟ್ಟಿನ ಅವಶೇಷಗಳನ್ನು ಕೂಡಿಸಿ ನನಗೊಂದು ಆಂಪ್ಲಿಫೈಯರ್ ಮಾಡಿಕೊಟ್ಟ. ಸ್ಪೀಕರಿಗೆ ಮರದ ಡಬ್ಬಿ ಯಾಕೆ, ಗಡಿಗೆ ಇರುವಾಗ, ಎಂದವನೂ ಅವನೇ. ಗಡಿಗೆ ತರಲು ನಾನು ನನ್ನ ಹೆಂಡತಿಯನ್ನು ಕರೆದುಕೊಂಡು ಕಂಪ್ಲಿಗೆ ಹೋದೆ. ಅವಳು ಈಗಿಲ್ಲ. ಕುಂಬಾರನ ಅಂಗಳದಲ್ಲಿ ನಾನು ಒಂದೊಂದೇ ಗಡಿಗೆಯ ಬಾಯಿಗೆ ಮುಖವಿಟ್ಟು ‘ಹೋ’ ಎಂದು ಕೂಗಿ ನೋಡುತ್ತ ಹೋದೆ. ಕುಂಬಾರ ಮಡಕೆ ತಟ್ಟುವುದನ್ನು ನಿಲ್ಲಿಸಿ ನೋಡಿದ.

“ಏನ್ ಯಜಮಾನ್ರಾ, ಒಳಗ ಯಾರಾರ ಅದಾರೇನು?”

“ಇಲ್ಲ ಬಿಡಪ್ಪ,” ಎಂದಳು ನನ್ನ ಹೆಂಡತಿ, “ಗಡಿಗಿಗೆ ಸಂಬಂಧ ನೋಡಾಕತ್ತಾರ. ದನಿ ಕೂಡಿಬರಬೇಕಂತ. ನನ್ನ ನೋಡಾಕ ಬಂದಾಗ ಇಷ್ಟು ಕೇಳಿದ್ದಿಲ್ಲ.”

ದನಿ ಕೂಡಿಬಂದ ಎರಡು ಗಡಿಗೆಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. ಮೊದಲು ಕೆಳಗೆ ಹಗ್ಗದ ಸಿಂಬಿ ಇಟ್ಟು ಕೂರಿಸಿದ್ದೆ. ಖಾಜಾ ಬಂದು ಸಿಂಬಿ ತೆಗೆಸಿದ. ಗಡಿಗೆಯ ಬುಡ ಬಂಡೆಗೆ ತಾಗಬೇಕು, ಆಗ ಸದ್ದಿನ ಗುದ್ದು ಮನೆ ತುಂಬ ಇಳಿಯುತ್ತದೆ ಎಂದ. ನಮ್ಮದು ಕಲ್ಲು ಬಂಡೆ ಹಾಸಿದ ನೆಲ. ಅಡಿಯ ಮಣ್ಣು ಕುಸಿದು ಒಳಗೆ ಟೊಳ್ಳಾಗಿದೆ. ಡೊಳ್ಳಿನ ಪದ ಹಾಕಿದರೆ ಬಂಡೆಗಳೆಲ್ಲ ಎದ್ದು ಕುಣಿದಂತಾಗುತ್ತದೆ. ಗೋಡೆಯ ಗೂಡಿನಲ್ಲಿಟ್ಟ ಚಹಾ ಲೋಟ ತಾನಾಗಿ ನಡೆದು ಅಂಚಿಗೆ ಬರುತ್ತದೆ. ಆ ಗುದ್ದು ಅಂಗಾಲಿನಿಂದ ಏರಿ ಎದೆಗೆ ಬರುವಾಗ ನನ್ನ ಕಿವಿ ನೆಟ್ಟಗಿದೆ ಎಂದೇ ನನಗೆ ಅನಿಸುತ್ತಿತ್ತು. ಇಂಥ ಸೆಟ್ಟು ಜಿಲ್ಲೆಯಲ್ಲೇ ಇಲ್ಲ ಎಂದು ಹೇಳಿಕೊಂಡು ತಿರುಗಿದೆ.

ಪಂಪಿ ಹುಟ್ಟಿದ್ದು ಮಗ ಮಂಜುನ ಮದುವೆಯಾಗಿ ಏಳು ವರ್ಷದ ಮೇಲೆ. ನಾನು ಓಣಿಗೆಲ್ಲ ಪೇಡೆ ಹಂಚಿದೆ, ಎರಡು ಸಲ, ಮೊದಲ ಸಲ ಕೊಟ್ಟದ್ದು ಮರೆತು. ಮಗುವಿನ ಕಿವಿ ಪರೀಕ್ಷೆ ಮಾಡಿಸಿಕೊಂಡು ಹೋಗಿ ಎಂದು ಹೆರಿಗೆ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿಯಲ್ಲಿ ನಾನು ಪೇಡೆ ಕಟ್ಟಿಕೊಟ್ಟೆನೋ ಏನೋ, ಮತ್ತೆ ಸಿಗಲಿಲ್ಲ. ಹೆಸರಿಡುವ ದಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು. ನನಗೆ ಹೆಣ್ಣುಮಕ್ಕಳಿಲ್ಲ. ನಾನೇ ಹೇಳುತ್ತೇನೆಂದು ಹಟ ಹಿಡಿದು ತೊಟ್ಟಿಲಿಗೆ ಬಗ್ಗಿ, ನನ್ನ ಲೆಕ್ಕದಲ್ಲಿ ಪಿಸುದನಿಯಲ್ಲಿ, “ಪಂಪಾ” ಎಂದೆ. ಬೀದಿಯಲ್ಲಿ ಆಟೋ ನಿಂತಿತು. ಒಳಗೆ ಯಾರದೋ ಕೈಯಿಂದ ಸೌಟು ಬಿತ್ತು. ಯಾರದೋ ಬಗಲಲ್ಲಿದ್ದ ಕೂಸು ಬೆಚ್ಚಿ ಕಿರುಚಿತು. ನಮ್ಮ ಪಂಪಿ ಮಾತ್ರ ಮುಷ್ಟಿ ಬಿಗಿದು ಮಲಗೇ ಇದ್ದಳು.

“ಕ್ರಷರ್ ಬಸಪ್ಪನ ಮೊಮ್ಮಗಳ್ರಿ! ಅಂಜಂಗಿಲ್ಲ!” ಎಂದೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಕುಳಿತುಕೊಳ್ಳಲು ಕಲಿತ ಮೇಲೆ ಅವಳನ್ನು ಬಂಡೆಯ ಮೇಲೆ ಕೂರಿಸಿ ಸೆಟ್ಟು ಹಚ್ಚುತ್ತಿದ್ದೆ. ಗುದ್ದು ಶುರುವಾದ ಕೂಡಲೇ ಕೈ ಮೇಲೆತ್ತಿ ಕುಂಡೆ ಕುಣಿಸುತ್ತಿದ್ದಳು. ಒಮ್ಮೊಮ್ಮೆ ಬಗ್ಗಿ ಎರಡೂ ಅಂಗೈಯನ್ನು ಬಂಡೆಗೆ ಒತ್ತಿ ಕೇಕೆ ಹಾಕುತ್ತಿದ್ದಳು. ಅದೇ ಪದವನ್ನು ಅವಳು ತೊಟ್ಟಿಲಲ್ಲಿದ್ದಾಗ ಹಚ್ಚಿದರೆ ಮಿಸುಕುತ್ತಿರಲಿಲ್ಲ. ಇದರ ಅರ್ಥವೇನೆಂದು ನಾನು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದೆ: ಮಲಗುವ ಜಾಗದಲ್ಲಿ ಮಲಗುವುದು, ಕುಣಿಯುವ ಜಾಗದಲ್ಲಿ ಕುಣಿಯುವುದು, ಈ ವಯಸ್ಸಿಗೇ ಎಂಥ ಶಿಸ್ತು! ಹಂಪಿಗೆ ಕರೆದುಕೊಂಡು ಹೋದಾಗ ಗುಡಿಯಲ್ಲಿ ನಗಾರಿ ಬಾರಿಸುತ್ತಿದ್ದರು. ತೋಳಿನಿಂದ ಜಾರಿ ಇಳಿದು ಕಲ್ಲುಹಾಸಿನ ಮೇಲೆ ಬೋರಲು ಮಲಗಿ ಕೆನ್ನೆ ಒತ್ತಿದಳು. ಪಕ್ಕದಲ್ಲಿದ್ದ ಮುದುಕಿ ಕೈ ಮುಗಿದು ಭಕ್ತಿ ನೋಡ್ರಿ ಭಕ್ತಿ ಎಂದಳು. ನಾನೂ ಕಣ್ಣು ಒರೆಸಿಕೊಂಡೆ.

ಎಲ್ಲವೂ ಕಣ್ಣ ಮುಂದೆಯೇ ಇತ್ತು. ಅದನ್ನು ಓದಲು ನನಗೆ ನಾಲ್ಕನೇ ಕ್ಲಾಸು ಸಾಲಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ನನ್ನ ಸೊಸೆ ಸವಿತಾ ಅದನ್ನು ಓದಿದ್ದಳು.

ಸವಿತಾ ವಡ್ಡು ಎಂಬ ಊರಿನ ಕಡೆಯ ಹುಡುಗಿ. ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ, ಮಾತು ಕಡಿಮೆ. ಪಂಪಿಗೆ ಆರು ತಿಂಗಳಾದಾಗ ಒಂದು ದಿನ ನನ್ನ ಮುಂದೆ ಬಂದು ನಿಂತಳು.

“ಮಾವಾ, ಪಂಪಿ ಕಿವಿ ತೋರಿಸ್ಕೊಂಡು ಬರಬೇಕ್ರಿ. ಹಿಂದಿಂದ ಕರೆದ್ರ ತಿರುಗಂಗಿಲ್ಲ.”

“ಆಟದಾಗ ಇರ್ತಾಳವ್ವ. ನಿನ್ನ ಗಂಡನೂ ತಿರುಗ್ತಿದ್ದಿಲ್ಲ.”

“ಕುಕ್ಕರ್ ಸೀಟಿ ಹೊಡದ್ರೂ ನೋಡಂಗಿಲ್ರಿ.”

ನಾನು ಎದ್ದು ಹೋಗಿ ಸೆಟ್ಟು ಹಚ್ಚಿದೆ. ಪಂಪಿ ಕೈಯೆತ್ತಿ ಕುಣಿದಳು.

“ಏನವ್ವ, ಈಗ ಏನಂತಿ?”

ಅವಳು ಕೆಲವು ದಿನ ಬಿಟ್ಟು ಮತ್ತೆ ಕೇಳಿದಳು, ನಾನು ಮತ್ತೆ ಸೆಟ್ಟು ಹಚ್ಚಿದೆ. ಮಗ ಫ್ಯಾಕ್ಟರಿಯ ಶಿಫ್ಟಿನಿಂದ ಬಂದವನು ಇಬ್ಬರ ಮುಖವನ್ನೂ ನೋಡಿ, “ಅಪ್ಪಗ ಗೊತ್ತಾಗ್ತೈತಿ ಬಿಡು” ಎಂದ. ಹೀಗೆ ಐದು ತಿಂಗಳು. ನನ್ನ ಮನೆಯಲ್ಲಿ ಐದು ತಿಂಗಳು ಹೆತ್ತವಳ ಮಾತಿಗೆ ಎರಡು ಗಡಿಗೆಗಳು ಉತ್ತರ ಕೊಟ್ಟವು.

ಆಗ ಬಂತು ಆ ಶೋ. ಗಣಿಯ ದುಡ್ಡಿನವರು ಮನೆಯಲ್ಲಿ ಇಟ್ಟುಕೊಳ್ಳುವಂಥ ಭಾರೀ ಸೆಟ್ಟುಗಳನ್ನು ಒಂದು ಹೋಟೆಲಿನ ಮದುವೆ ಹಾಲಿನಲ್ಲಿ ಮೂರು ದಿನ ನುಡಿಸಿ ತೋರಿಸುತ್ತಾರೆ ಎಂದು ಖಾಜಾ ಸುದ್ದಿ ತಂದ.

“ಬಸ್ಯಾ, ಬಾರಲೇ ಹೋಗೂಣು. ನೀ ನಿನ್ನ ಗಡಿಗಿ ಬಿಟ್ರ ಏನ್ ಕೇಳೀದಿ ಜನ್ಮದಾಗ?”

“ನನ್ನ ಗಡಿಗಿ ಮುಂದ ಅವು ಯಾವ ಲೆಕ್ಕಲೇ?”

“ಬಾವ್ಯಾಗಿನ ಕಪ್ಪಿಯಂಗ ಒದರಬ್ಯಾಡ. ಒಮ್ಮೆ ಕೇಳಿ ಮಾತಾಡು.”

ನಾನು ಪಂಪಿಯನ್ನೂ ಎತ್ತಿಕೊಂಡೆ. ಸವಿತಾ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವಿನ ಫ್ರಾಕಿನ ಗುಂಡಿ ಹಾಕುತ್ತ ತಲೆ ಎತ್ತದೆ ಹೇಳಿದಳು:

“ಕರ್ಕೊಂಡು ಹೋಗ್ರಿ ಮಾವಾ. ಅಲ್ಲಿ ಆಕಿ ತಿರುಗಿ ನೋಡ್ತಾಳೇನು, ನೋಡ್ಕೊಂಡು ಬರ್ರಿ.”

ಹಾಲಿಗೆ ಹೋದರೆ ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಕಿಟಕಿಗೆಲ್ಲ ದಪ್ಪ ಪರದೆ. ಮದುಮಕ್ಕಳು ಕೂರುವ ಮರದ ವೇದಿಕೆಯ ಮೇಲೆ ಜಮಖಾನ, ಸೋಫಾ. ಸೆಟ್ಟು ಮಾತ್ರ ಕೆಳಗೆ, ವೇದಿಕೆಗೆ ಎದುರಾಗಿ. ಸ್ಪೀಕರುಗಳು ನನ್ನಷ್ಟು ಎತ್ತರ, ಮೈಮೇಲೆ ಒಂದು ಗೀರಿಲ್ಲ. ತೋರಿಸುವವರು ಹುಬ್ಬಳ್ಳಿ ಕಡೆಯ ಒಬ್ಬರು, ಐವತ್ತರ ಆಸುಪಾಸು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಆ ಸ್ಪೀಕರುಗಳ ಕಾಲಿಗೆ ಉಕ್ಕಿನ ಮೊಳೆ, ಮೊಳೆಯ ಕೆಳಗೆ ಕಲ್ಲು, ಕಲ್ಲಿನ ಕೆಳಗೆ ರಬ್ಬರು. ಇದೇನು ಇಷ್ಟು ಮಡಿ ಎಂದು ಕೇಳಿದೆ.

“ಸ್ಪೀಕರಿನ ನಡುಕ ನೆಲಕ್ಕ ಇಳೀಬಾರದ್ರಿ ಯಜಮಾನ್ರ. ನೆಲ ದನಿಗೂಡಿಸಿದ್ರ ಪದ ಕೆಡತೈತಿ.”

ಖಾಜಾ ಮೊಣಕೈಯಿಂದ ತಿವಿದ. ನಮ್ಮ ಸೆಟ್ಟಿನ ಮುಕ್ಕಾಲು ಮಜಾ ನೆಲದ್ದೇ ಎಂದು ಇಬ್ಬರಿಗೂ ಗೊತ್ತು.

ಅವರು ಒಬ್ಬ ಹೆಣ್ಣುಮಗಳ ಹಾಡು ಹಚ್ಚಿದರು. ಸ್ವಲ್ಪ ಹೊತ್ತಿಗೆ ಖಾಜಾನ ಗಡ್ಡ ಒದ್ದೆಯಾಗಿತ್ತು. “ಯಾ ಅಲ್ಲಾ, ಬಸ್ಯಾ, ಆಕಿ ಉಸಿರು ತಗಳಾದು ಕೇಳಿಸ್ತೈತಲೇ. ಗೆಜ್ಜಿ ನೋಡು, ಒಂದೊಂದೂ ಬ್ಯಾರೆ ಬ್ಯಾರೆ.” ನಾನು ಕಿವಿ ಹಿಗ್ಗಿಸಿ ಕುಳಿತೆ. ಉಸಿರಿಲ್ಲ, ಗೆಜ್ಜೆ ಇಲ್ಲ. ಗೋಡೆಯ ಆಚೆ ಯಾರೋ ಮಾತಾಡಿದಂತೆ ಏನೋ ಒಂದು ಗುಂಯ್‌ಗುಡುವುದು. ಸುತ್ತ ಕುಳಿತವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ನಾನು ಜೋರಾಗಿ ಮಾತಾಡುತ್ತೇನೆ, ಅದು ಹಳೇ ರೋಗ.

“ಗುದ್ದೇ ಇಲ್ಲಲ್ರಿ ಇದರಾಗ! ಉಪ್ಪಿಲ್ಲದ ಸಾರು ಇದ್ದಂಗೈತಿ. ನಮ್ಮ ಮನ್ಯಾಗ ಗಡಿಗಿ ಸೆಟ್ ಐತಿ, ಬಂದು ಕೇಳ್ರಿ ಒಮ್ಮೆ!”

ಜನ ತಿರುಗಿ ನೋಡಿದರು. ಆ ಮನುಷ್ಯ ಬೇಸರ ಮಾಡಿಕೊಳ್ಳದೆ ನಕ್ಕರು. ಅವರು ನಕ್ಕಿದ್ದರಿಂದ ನನಗೆ ಇನ್ನೂ ಏರಿತು. ಪಂಪಿಯನ್ನು ವೇದಿಕೆಯ ಜಮಖಾನದ ಮೇಲೆ ಕೂರಿಸಿದೆ.

“ನಮ್ದು ಬಿಡ್ರಿ, ಮುದುಕ್ರದು. ಈ ಕೂಸು ಸುಳ್ಳು ಹೇಳಂಗಿಲ್ಲ. ಹಚ್ರಿ ನಿಮ್ಮದು ಯಾವ್ದು ಜೋರೈತಿ ಅದನ್ನ.”

ಪಂಪಿ ಸ್ಪೀಕರಿಗೆ ಬೆನ್ನು ಮಾಡಿ ಜಮಖಾನದ ಗೊಂಡೆ ಎಳೆಯುತ್ತಿದ್ದಳು. ಅವರು ತಮಟೆ, ತಾಳ ಎಲ್ಲ ಇರುವ ಒಂದನ್ನು ಹಚ್ಚಿದರು. ಅದು ಶುರುವಾದ ಏಟಿಗೆ ಸೋಫಾದಲ್ಲಿದ್ದ ಹೆಂಗಸಿನ ಕೈಯಿಂದ ಪರ್ಸು ಬಿತ್ತು. ಖಾಜಾ ಬೆಚ್ಚಿದ. ನನಗೂ ಕೇಳಿಸಿತು. ಪಂಪಿ ಗೊಂಡೆಯನ್ನು ಬಾಯಿಗೆ ಹಾಕಿಕೊಂಡಳು.

ನಾನು ಚಪ್ಪಾಳೆ ಹೊಡೆದು ನಕ್ಕೆ. ಈ ನಗುವನ್ನು ನೆನೆದಾಗಲೆಲ್ಲ ನಾನು ನನ್ನ ಬಾಯಿಯನ್ನು ಕೈಯಿಂದ ಮುಚ್ಚಿಕೊಳ್ಳುತ್ತೇನೆ.

“ನೋಡಿದ್ರೇನ್ರಿ! ಕ್ಯಾರೇ ಅನ್ನಲಿಲ್ಲ! ಮನ್ಯಾಗಾಗಿದ್ರ ಈಟೊತ್ತಿಗೆ ಕುಣೀತಿದ್ಲು!”

ಆ ಮನುಷ್ಯ ನಗಲಿಲ್ಲ. ಕೊರಳಲ್ಲಿದ್ದ ಕನ್ನಡಕವನ್ನು ಕಣ್ಣಿಗೇರಿಸಿಕೊಂಡು ಪಂಪಿಯನ್ನು ನೋಡಿದರು.

“ಮನ್ಯಾಗ ಎಲ್ಲಿ ಕುಂದರಸ್ತೀರಿ ಕೂಸನ್ನ?”

“ಗಡಿಗಿ ಪಕ್ಕದಾಗ. ಕಲ್ಲ ಬಂಡಿ ಮ್ಯಾಲ.”

“ಬರೇ ನೆಲದ ಮ್ಯಾಲ?”

“ಹೂಂ ಮತ್ತ.”

ಅವರು ಸೆಟ್ಟು ಆರಿಸಿದರು. ವೇದಿಕೆ ಹತ್ತಿ ಪಂಪಿಯ ಹಿಂದೆ ನಿಂತು ಜೇಬಿನಿಂದ ಕೀಲಿಗೊಂಚಲು ತೆಗೆದು ಅಲ್ಲಾಡಿಸಿದರು. ಅವಳು ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಕೈ ತಟ್ಟಿದರು. ತಿರುಗಲಿಲ್ಲ. ಆಮೇಲೆ ಸ್ವಲ್ಪ ದೂರ ಸರಿದು, ಮೊಣಕಾಲೂರಿ ಕುಳಿತು, ವೇದಿಕೆಯ ಹಲಗೆಯನ್ನು ಮುಷ್ಟಿಯಿಂದ ಮೆಲ್ಲಗೆ ಒಂದು ಸಲ ಗುದ್ದಿದರು.

ಪಂಪಿ ಗಿರಕ್ಕನೆ ತಿರುಗಿ ಅವರನ್ನು ನೋಡಿ ನಕ್ಕಳು. ಎರಡೂ ಕೈ ಮೇಲೆತ್ತಿದಳು.

ನಾನು ಇನ್ನೂ ಅರ್ಧ ನಗುತ್ತಲೇ ಇದ್ದೆ. ಖಾಜಾ ನನ್ನ ತೋಳು ಹಿಡಿದ. ನನಗೆ ಕೇಳಿಸಲೆಂದು ಯಾವಾಗಲೂ ಕೂಗಿ ಮಾತಾಡುವವನು ಅವತ್ತು ಕಿವಿಗೆ ಬಾಯಿಟ್ಟು ಹೇಳಿದ.

“ಬಸ್ಯಾ, ಹುಡುಗಿಗೆ ಕೇಳಂಗಿಲ್ಲಲೇ. ಆಕಿಗೆ ನೆಲ ಹೇಳತೈತಿ.”

ಹೋಟೆಲಿನಿಂದ ಮನೆಗೆ ನಡೆದೇ ಬಂದೆವು. ಪಂಪಿ ನನ್ನ ಹೆಗಲ ಮೇಲೆ ನನ್ನ ಎಡಗಿವಿ ಹಿಡಿದುಕೊಂಡು ಕುಳಿತಿದ್ದಳು. ದಾರಿಯಲ್ಲಿ ಲಾರಿಗಳ ಹಾರ್ನು, ಆಟೋ, ಬಾಳೆಹಣ್ಣಿನವನ ಕೂಗು, ಒಂದು ಮಸೀದಿಯ ಆಜಾನು, ಒಂದು ಗುಡಿಯ ಗಂಟೆ. ಪ್ರತಿಯೊಂದಕ್ಕೂ ನಾನು ಅವಳ ಮುಖ ನೋಡಿದೆ. ಪ್ರತಿಯೊಂದೂ ಅವಳನ್ನು ಮುಟ್ಟದೆ ಹೋಯಿತು. ಖಾಜಾ ಓಣಿಯ ಮೂಲೆಯವರೆಗೆ ಬಂದು, ಒಳಗೆ ಬರಲು ಧೈರ್ಯವಾಗದೆ ಹೊರಟುಹೋದ. ಸಿಂಬಿ ತೆಗೆಸಿದವನು ತಾನು ಎಂಬ ಸಂಕಟ ಅವನಿಗೆ.

ಸವಿತಾ ಮೆಷಿನ್ ತುಳಿಯುತ್ತಿದ್ದಳು. ನನ್ನ ಮುಖ ನೋಡಿ ಕಾಲು ನಿಲ್ಲಿಸಿದಳು. ನಡೆದದ್ದನ್ನು ಹೇಳಿದೆ. ಜೀವನದಲ್ಲಿ ಮೊದಲ ಸಲ ನಾನು ಸಣ್ಣ ದನಿಯಲ್ಲಿ ಮಾತಾಡಿದೆನಂತೆ. ಅವಳು ಎದ್ದು ಬಂದು ಮಗುವನ್ನು ತೆಗೆದುಕೊಂಡಳು.

“ಐದು ತಿಂಗಳಿಂದ ಹೇಳಾಕತ್ತೀನಿ ಮಾವಾ.”

ನಾನು ಗೋಡೆ ನೋಡಿದೆ.

“ಈಕಿಗೆ ಕೇಳಂಗಿಲ್ಲ, ಸರಿ. ನಿಮಗೂ ಕೇಳಂಗಿಲ್ಲ, ಕ್ರಷರಿನಾಗ ಹೋತು. ನಿಮ್ಮ ಮಗಗ ಏನಾಗಿತ್ರಿ?”

ಅಷ್ಟೇ ಹೇಳಿದಳು. ಆಮೇಲೆ ಒಂದು ವರ್ಷಕ್ಕೂ ಮೇಲೆ ನನ್ನ ಜೊತೆ ಊಟ, ಔಷಧಿ, ಬಿಸಿನೀರು ಇವುಗಳ ಹೊರತು ಬೇರೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಬೈಗುಳ ಕೇಳಿಸುತ್ತದೆ, ಅದು ದಪ್ಪ ಸದ್ದು.

ದೂರದ ದೊಡ್ಡ ಆಸ್ಪತ್ರೆಯಲ್ಲಿ ಪಂಪಿಯನ್ನು ಮಲಗಿಸಿ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿಯ ಒಳಗಿನ ನರದ ಬಳಿಯೇ ದೋಷ, ಹುಟ್ಟಿನಿಂದ. ಮೊದಲು ಕೆಲವು ತಿಂಗಳು ಕಿವಿಯ ಮೆಷಿನ್ ಹಾಕಿ ನೋಡಬೇಕು, ಅದರಿಂದ ಆಗದಿದ್ದರೆ ಆಪರೇಶನ್. ಡಾಕ್ಟರಮ್ಮ ಒಳ್ಳೆಯವರು. ಕಾಗದದಲ್ಲಿ ಬರೆಯುತ್ತ ಕೇಳಿದರು, “ಇಷ್ಟು ಯಾಕ ತಡ ಮಾಡಿದ್ರಿ? ಮಾತು ಕಲಿಯೋ ಕಾಲ ಇದು. ಒಂದೊಂದು ತಿಂಗಳೂ ಬೇಕಾಗಿತ್ತು.” ಸವಿತಾ ಕಿಟಕಿಯ ಹೊರಗೆ ನೋಡಿದಳು. ಮಂಜು ತನ್ನ ಬೂಟು ನೋಡಿಕೊಂಡ. “ನಾನ್ರಿ,” ಎಂದೆ. ಡಾಕ್ಟರಮ್ಮ ತಲೆ ಎತ್ತಿ ನನ್ನನ್ನು ನೋಡಿ, ಅದನ್ನು ಬರೆದುಕೊಳ್ಳದೆ ಮುಂದಿನ ಸಾಲಿಗೆ ಹೋದರು.

ಕಿವಿಯ ಮೆಷಿನಿನಿಂದ ಏನೂ ಆಗಲಿಲ್ಲ. ಆಪರೇಶನ್ನಿಗೆ ಸರ್ಕಾರದ ಸರದಿ ಕಾಯುವುದರಲ್ಲಿ ಅವಳಿಗೆ ಎರಡು ತುಂಬಿತು. ಆ ದಿನಗಳನ್ನು ನೆನೆದರೆ ನನಗೆ ಅಳುವೂ ಬರುತ್ತದೆ, ಹಿಗ್ಗೂ ಬರುತ್ತದೆ. ಯಾಕೆಂದರೆ ಪಂಪಿಗೆ ನಾನು ಕ್ರಷರಿನ ಕೈಮಾತು ಕಲಿಸಿದೆ. ಎರಡು ವಾರದಲ್ಲಿ ಹೆಬ್ಬೆರಳು ತುಟಿಗೆ ತಂದು ನೀರು ಕೇಳಿದಳು. ಬೆರಳು ಕುಣಿಸಿ ನನ್ನ ಚಹಾದಲ್ಲಿ ಪಾಲು ಕೇಳಿದಳು. ಅವಳ ಅವ್ವ ಎಣ್ಣೆಯ ಬಟ್ಟಲು ಹಿಡಿದು ತಲೆ ತಿಕ್ಕಲು ಬಂದರೆ ಮೂಗು ಹಿಡಿದುಕೊಂಡು ನನಗೆ ಸುದ್ದಿ ಕೊಡುತ್ತಿದ್ದಳು: ಮೇಸ್ತ್ರಿ ಬಂದ. ಇಡೀ ಹೊಸಪೇಟೆಯಲ್ಲಿ ಆ ಭಾಷೆ ಆಡುವವರು ನಾವಿಬ್ಬರೇ.

ಆಪರೇಶನ್ ಆಯಿತು. ತಲೆಯೊಳಗೆ ಒಂದು ಯಂತ್ರ ಕೂರಿಸಿದರು. ಹೊರಗೆ ಕಿವಿಯ ಮೇಲಿನ ಕೂದಲಲ್ಲಿ ಒಂದು ದುಂಡು ಬಿಲ್ಲೆ ಆಯಸ್ಕಾಂತದಿಂದ ಅಂಟಿಕೊಳ್ಳುತ್ತದೆ, ಅದು ಅಂಟಿಕೊಂಡಿದ್ದರೆ ಸದ್ದು, ತೆಗೆದರೆ ಇಲ್ಲ. ಗಾಯ ಮಾಗಿದ ಮೇಲೆ ಯಂತ್ರ ಶುರು ಮಾಡುವ ದಿನ ಮಾತು ಕಲಿಸುವ ಟೀಚರಮ್ಮ ಒಂದು ಪುಟ್ಟ ಡಮರು ಅಲ್ಲಾಡಿಸಿದರು. ಪಂಪಿ ಆಟ ನಿಲ್ಲಿಸಿದಳು. ಕಣ್ಣು ಅಗಲವಾದವು. ಇನ್ನೊಮ್ಮೆ ಅಲ್ಲಾಡಿಸಿದರು. ತಿರುಗಿದಳು! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಎರಡು ವರ್ಷದ ಆಸೆಯನ್ನೆಲ್ಲ ಕೂಡಿಸಿ ಕೂಗಿದೆ:

“ಪಂಪೀ!”

ಅವಳು ಚೀರಿದಳು. ಹಾವು ಕಂಡವರ ಹಾಗೆ ನನ್ನನ್ನು ನೋಡಿ ತಲೆಯ ಬಿಲ್ಲೆಯನ್ನು ಕಿತ್ತು ಎಸೆದು ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದಳು.

ಅಂದಿನಿಂದ ನಾನು ಬಾಯಿ ತೆರೆದರೆ ಅವಳ ಕೈ ತಲೆಗೆ ಹೋಗುತ್ತಿತ್ತು. ಬಿಲ್ಲೆ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು, ಇನ್ನು ಏನು ಬೇಕಾದರೂ ಹೇಳು ಎನ್ನುವ ಹಾಗೆ ನಗುತ್ತ ನನ್ನ ತೊಡೆ ಏರುತ್ತಿದ್ದಳು. ಬಿಲ್ಲೆ ಇಲ್ಲದಿದ್ದರೆ ಅವಳು ಮಾತು ಕಲಿಯುವುದಿಲ್ಲ. ಟೀಚರಮ್ಮ ನನ್ನನ್ನು ಕೂರಿಸಿ ಹೇಳಿದರು, “ಅಜ್ಜಾರೆ, ಭಾಳ ಸಣ್ಣಗ ಮಾತಾಡ್ಬೇಕ್ರಿ. ಇಲ್ಲಂದ್ರ ಆಕಿ ಮುಂದ ಮಾತಾಡಾದೇ ಬ್ಯಾಡ. ಮತ್ತ ಕೈಸನ್ನಿ ಮಾಡ್ಬ್ಯಾಡ್ರಿ, ಕೈಸನ್ನಿ ಮಾಡಿದ್ರ ಕಿವಿ ಕಲಿಯಂಗಿಲ್ಲ.” ಅಲ್ಲಿಗೆ ಕ್ರಷರಿನ ಭಾಷೆಯೂ ಹೋಯಿತು. ಪಂಪಿ ಬೆರಳು ಕುಣಿಸುವಾಗ ನಾನು ಕೈಕಟ್ಟಿ ಕುಳಿತೆ. ಅವಳು ನನ್ನ ಕೈಗಳನ್ನು ಬಿಡಿಸಲು ನೋಡಿ, ಆಗದೆ, ಬೇರೆ ಕಡೆ ಹೋದಳು.

ನನಗೇ ಕೇಳಿಸದಷ್ಟು ಸಣ್ಣಗೆ ಮಾತಾಡುವುದನ್ನು ನಾನು ಎಲ್ಲಿ ಕಲಿಯಲಿ? ಗಂಟಲ ಮೇಲೆ ಬೆರಳಿಟ್ಟು ನೋಡಿಕೊಂಡೆ. ಪಂಪಿ ಮಲಗಿದ ಮಧ್ಯಾಹ್ನ ಗೋಡೆಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಸವಿತಾ. ಪಡಸಾಲೆಯ ಆ ತುದಿಗೆ ಹೋಗಿ ನನ್ನ ಕಡೆ ತಿರುಗಿ ನಿಂತು ಅಂಗೈ ಮುಂದೆ ಚಾಚಿದಳು.

“ಮಾತಾಡ್ರಿ.”

“ಪಂಪಿ,” ಎಂದೆ.

ಅಂಗೈಯನ್ನು ಕೆಳಗೆ ಒತ್ತಿದಳು. “ಇಳಸ್ರಿ.”

“ಪಂಪಿ.”

“ಇನ್ನೂ.”

ಹೀಗೆ ದಿನವೂ ನಡೆಯಿತು. ಸೆಟ್ಟಿನ ವಾಲ್ಯೂಮಿನ ಗುಂಡಿಯನ್ನು ಇಷ್ಟು ವರ್ಷ ತಿರುವಿದವನು ನಾನು, ಈಗ ನನ್ನ ಗುಂಡಿ ಸೊಸೆಯ ಕೈಯಲ್ಲಿತ್ತು. ಒಮ್ಮೊಮ್ಮೆ ಸರಿಯಾಯಿತು ಎಂದು ತಲೆಯಾಡಿಸುತ್ತಿದ್ದಳು. ಆದರೆ ಪಂಪಿಯ ಮುಂದೆ ನಿಂತ ಕೂಡಲೇ ಹಿಗ್ಗು ಉಕ್ಕಿ ದನಿ ಹಳೆಯ ಜಾಗಕ್ಕೇ ಏರುತ್ತಿತ್ತು. ಬಿಲ್ಲೆ ಅವಳ ಮುಷ್ಟಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಅವಳು ‘ಅವ್ವ’ ಕಲಿತಳು. ‘ಬಾ’ ಕಲಿತಳು. ಖಾಜಾ ಬಾಗಿಲಲ್ಲಿ ನಿಂತು ಕರೆದರೂ ತಿರುಗುತ್ತಿದ್ದಳು. ನಾನೊಬ್ಬ ಮಾತ್ರ ತುಟಿ ಮುಚ್ಚಿಕೊಂಡು ಮನೆಯಲ್ಲಿ ತಿರುಗಾಡುತ್ತಿದ್ದೆ.

ಕಳೆದ ವಾರದ ಮಾತು. ಬೆಳಿಗ್ಗೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಸವಿತಾ ಮೆಷಿನಿನ ಮುಂದೆ ಇದ್ದಳು. ಪಂಪಿ ನನಗೆ ಬೆನ್ನು ಮಾಡಿ ಕುಳಿತು ಬ್ಲೌಸಿನ ಚಿಂದಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಕೆಂಪಿನ ಗುಂಪಿನಲ್ಲಿ ಒಂದು ಹಸಿರು ಸೇರಿಕೊಂಡಿತ್ತು, ಅದನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಬಿಲ್ಲೆ ತಲೆಯಲ್ಲೇ ಇತ್ತು, ಅವಳ ಕತ್ತಿನ ಹಿಂದಿನ ಕೂದಲು ಬೆವರಿಗೆ ಅಂಟಿತ್ತು. ನಾನು ಮಂಚದ ಮೇಲೆ ಕುಳಿತಿದ್ದೆ. ಕರೆಯಬೇಕೆಂದು ಅಂದುಕೊಂಡಿರಲಿಲ್ಲ. ‘ಪಂಪಿ’ ಎಂದು ತುಟಿ ತಾನಾಗಿ ಅಲ್ಲಾಡಿತು. ಗಂಟಲಲ್ಲಿ ಏನೂ ಆಗಲಿಲ್ಲ, ಕಿವಿಗೆ ಏನೂ ಬರಲಿಲ್ಲ.

ಪಂಪಿ ತಿರುಗಿದಳು. ನನ್ನ ಮುಖವನ್ನೇ ನೋಡಿದಳು. ಕೈ ತಲೆಗೆ ಹೋಗಲಿಲ್ಲ.

ಮೆಷಿನ್ ನಿಂತಿತು. ಸವಿತಾಳ ಮುಖ ಬಿಳಿಚಿಕೊಂಡಿತ್ತು.

“ಮಾವಾ, ಕಾಲು ಬಡದ್ರೇನು?”

“ಇಲ್ಲವ್ವ.”

“ಮಂಚ ಅಲ್ಲಾಡಿಸಿದ್ರೇನು? ಖರೇ ಹೇಳ್ರಿ.”

“ದೇವರಾಣೆ ಇಲ್ಲ.”

ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಪಂಪಿ ಮತ್ತೆ ಚಿಂದಿಯ ಕಡೆ ತಿರುಗುವವರೆಗೆ ಕಾದು, ಸವಿತಾ ತುಟಿಯಲ್ಲೇ ಹೇಳಿದಳು, ನಾನು ಅದನ್ನು ಓದಿಕೊಂಡೆ.

“ಕಾಲು ಮ್ಯಾಲ ತಗೊಂಡು ಕರೀರಿ.”

ನಾನು ಎರಡೂ ಕಾಲನ್ನು ನೆಲದಿಂದ ಎತ್ತಿ ಮಡಿಸಿ, ಮೊಣಕಾಲುಗಳನ್ನು ತೋಳಿನಲ್ಲಿ ತಬ್ಬಿಕೊಂಡು ಮಂಚದ ನಡುವೆ ಮೂಟೆಯ ಹಾಗೆ ಕುಳಿತೆ. ಮೈಯ ಯಾವ ಭಾಗವೂ ಅಲ್ಲಾಡದಂತೆ ಉಸಿರು ಬಿಗಿಹಿಡಿದು, ಇನ್ನೊಮ್ಮೆ ಕರೆದೆ.

ಪಂಪಿ ತಿರುಗಿದಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು. “ಹಾಂ,” ಎಂದಳಂತೆ. ಬಾಯಿ ತೆರೆದದ್ದು ನನಗೆ ಕಂಡಿತು.

ಸವಿತಾ ಮೆಷಿನಿನ ಮೇಲೆ ತಲೆಯಿಟ್ಟಳು. ಬೆನ್ನು ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಎಂದು ಬೆನ್ನು ನೋಡಿ ತಿಳಿದೆ, ನನಗೆ ಏನೂ ಕೇಳಿಸಲಿಲ್ಲ. ಪಂಪಿಗೆ ಕೇಳಿಸಿತು. ಕೈಯಲ್ಲಿದ್ದ ಹಸಿರು ಚಿಂದಿಯನ್ನು ಅಲ್ಲೇ ಬಿಟ್ಟು, ಎದ್ದು, ಅವಳು ಅವ್ವನ ಹತ್ತಿರ ಹೋದಳು.